ಹಕ್ಕಿಗಳ ಅಂಗರಚನಾ ಚಿತ್ರಣ: ದಕ್ಷಿಣ ಮರಾಠಾ ಸೀಮೆ

ಹಕ್ಕಿಯನ್ನು ಎದುರಿಗಿಟ್ಟುಕೊಂಡು ಅದರ ಕೊಕ್ಕು, ಕಾಲು, ಗರಿಗಳ ಜೋಡಣೆ, ಒಳಾಂಗಗಳನ್ನು ಅಳತೆ ತಪ್ಪದೆ ಬರೆಯುವ ಕಲೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳಿರುವ ಸೀಮೆಯನ್ನು ಬ್ರಿಟಿಷರು ದಕ್ಷಿಣ ಮರಾಠಾ ಸೀಮೆ ಎಂದು ಕರೆಯುತ್ತಿದ್ದರು. 19ನೆಯ ಶತಮಾನದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಗಳು ಇಲ್ಲಿ ಈ ಕೆಲಸಕ್ಕೆ ಕೈಹಾಕಿದರು. ಭಾರತಕ್ಕೆ ಇದೇನೂ ಹೊಸತಾಗಿರಲಿಲ್ಲ. ಸೈಬೀರಿಯಾದ ಕ್ರೌಂಚಕ್ಕೆ ಯುರೋಪಿನ ವಿಜ್ಞಾನ 1773ರಲ್ಲಿ ಹೆಸರಿಡುವ ನೂರಕ್ಕೂ ಹೆಚ್ಚು ವರ್ಷ ಮೊದಲೇ ಜಹಾಂಗೀರನ ಆಸ್ಥಾನದ ಉಸ್ತಾದ್ ಮನ್ಸೂರ್ ಅದನ್ನು ಚಿತ್ರಿಸಿದ್ದ.

ಮುಂಬೈ ಸರ್ಕಾರದ ಅಂಕಿಅಂಶ ವರದಿಗಾರನಾಗಿದ್ದ ಡಬ್ಲ್ಯು. ಎಚ್. ಸೈಕ್ಸ್ ಪುಣೆ, ಅಹ್ಮದ್‌ನಗರ, ಖಾನ್‌ದೇಶಗಳ ಜೊತೆಗೆ ಧಾರವಾಡ ಕಲೆಕ್ಟರೇಟನ್ನೂ ಸುತ್ತಿದ. 1832ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಅವನ ದಖನ್ ಹಕ್ಕಿಗಳ ಪಟ್ಟಿಯಲ್ಲಿ ಕಣ್ಣಿನ ಬಣ್ಣ, ಹೊಟ್ಟೆ ಸೀಳಿದಾಗ ಸಿಕ್ಕ ಆಹಾರ ಎರಡೂ ದಾಖಲಾಗಿವೆ. ಇವು ಸಣ್ಣ ವಿವರಗಳೆನಿಸಬಹುದು, ಚಿತ್ರಕಾರನಿಗೆ ಹಾಗಲ್ಲ. ಸೋಮಲ ಬೆರೆತ ಸಾಬೂನು ಸವರಿ ಒಣಗಿಸಿದ ತೊಗಲು ಗರಿಯ ಬಣ್ಣವನ್ನು ಬಹುಕಾಲ ಕಾಪಾಡುತ್ತದೆ, ಆದರೆ ಕಣ್ಣು ಉಳಿಯುವುದಿಲ್ಲ, ಕಾಲು-ಕೊಕ್ಕುಗಳ ಬಣ್ಣ ಮಾಸುತ್ತದೆ. ತಲೆಬುರುಡೆ, ರೆಕ್ಕೆ ಮತ್ತು ಕಾಲಿನ ಮೂಳೆಗಳನ್ನು ಬಿಟ್ಟರೆ ಒಳಗಿನದೆಲ್ಲ ಹೊರಗೆ ಹೋಗಿರುತ್ತದೆ. ಎರೆನೆಲದ ಎರೆಭೂತ ಹಕ್ಕಿಯನ್ನೇ ನೋಡಿ: ಗಂಡು ಕೂಗುವಾಗ ಉಬ್ಬಿಸುವ ಗಂಟಲಚೀಲದ ಬಾಯಿ ನಾಲಿಗೆಯ ಅಡಿಯಲ್ಲಿದೆ. ಎಷ್ಟೇ ನುರಿತ ಕೈಯಾದರೂ ಒಣ ತೊಗಲನ್ನು ನೋಡಿ ಅದನ್ನು ಬರೆಯಲಾರದು. ಹಾಗಾಗಿ ಬೇಟೆ ಬಿದ್ದ ದಿನವೇ ಕುಂಚ ಹಿಡಿಯಬೇಕಿತ್ತು.

1824ರ ಕಿತ್ತೂರು ಕದನದಲ್ಲಿ ಸೆರೆಸಿಕ್ಕು ಬಿಡುಗಡೆಯಾದ ವಾಲ್ಟರ್ ಎಲಿಯಟ್ ಅನಂತರವೂ ಈ ಸೀಮೆಯಲ್ಲೇ ಅಧಿಕಾರಿಯಾಗಿದ್ದ. ಇಲ್ಲಿನ ಸಸ್ತನಿಗಳ ಪಟ್ಟಿಯನ್ನು ದೇಸಿ ಹೆಸರುಗಳ ಸಮೇತ 1839ರಲ್ಲಿ ಪ್ರಕಟಿಸಿದ. ಹಕ್ಕಿಗಳ ಬಗ್ಗೆ ತಾನು ಮಾಡಿಕೊಂಡಿದ್ದ ಟಿಪ್ಪಣಿಗಳನ್ನು ಮದ್ರಾಸಿನ ವೈದ್ಯ ಟಿ. ಸಿ. ಜೆರ್ಡನ್‌ಗೆ ಒಪ್ಪಿಸಿದ. ಜೆರ್ಡನ್ 1843-47ರಲ್ಲಿ ಹೊರತಂದ ಐವತ್ತು ಚಿತ್ರಗಳ ಸಂಪುಟಕ್ಕೆ ಭಾರತೀಯ ಕಲಾವಿದರು ದುಡಿದರು. ಪುಸ್ತಕ ಮಾತ್ರ ಜೆರ್ಡನ್ ಹೆಸರಿನಲ್ಲೇ ಪ್ರಸಿದ್ಧ. ಗರಿಗರಿಯನ್ನೂ ದಿಟ್ಟಿಸಿ ಬರೆದವರನ್ನು ನೆನೆಯುವವರು ಕಡಿಮೆ.

ಹಕ್ಕಿಗಳ ಪಟ್ಟಿ ಮಾಡುವ ಕೆಲಸ ಅಲ್ಲಿಗೇ ನಿಲ್ಲಲಿಲ್ಲ. ಇ. ಎ. ಬಟ್ಲರ್ 1881ರಲ್ಲಿ ದಖನ್ ಮತ್ತು ದಕ್ಷಿಣ ಮರಾಠಾ ಸೀಮೆಯ ಹಕ್ಕಿಗಳ ದೊಡ್ಡ ಪಟ್ಟಿ ಪ್ರಕಟಿಸಿದ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಚಿತ್ರಕ್ಕಾಗಿ ಹಕ್ಕಿ ಹೊಡೆಯುವಂತಿಲ್ಲ. ಬೀಳಗಿ ಕಡೆಯ ಆಲಮಟ್ಟಿ ಹಿನ್ನೀರಿಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತುಗಳನ್ನು ಈಗ ಕ್ಯಾಮೆರಾ ಹಿಡಿಯುತ್ತದೆ. ಅದರ ಕಣ್ಣಿಗೆ ಹೊರಮೈಯಷ್ಟೇ ಕಾಣುತ್ತದೆ. ಕೊಕ್ಕು-ರೆಕ್ಕೆಗಳ ಅಳತೆ ಬೇಕಾದ ಚಿತ್ರಕಾರರಿಗೆ 1883ರಲ್ಲಿ ಹುಟ್ಟಿದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯಂಥ ಸಂಸ್ಥೆಗಳ ಹಳೆಯ ತೊಗಲುಗಳೇ ಆಧಾರ.