ಚಿತ್ರ ಶುರುವಾಗುವ ಮೊದಲು ಬರುವ ಹೆಸರುಗಳು



ಸಂಘದಲ್ಲಿ ಕನ್ನಡ ಚಿತ್ರ ಹಾಕಿದಾಗ ಟೈಟಲ್ ಮುಗಿಯುವವರೆಗೂ ಕುರ್ಚಿ ಎಳೆಯುವುದು, ಕಾಫಿ ಹಂಚುವುದು ನಡೆದೇ ಇರುತ್ತದೆ. ಆ ಕೆಲವು ನಿಮಿಷಗಳಲ್ಲಿ ಏನೇನಿರುತ್ತದೆ ಎಂಬುದನ್ನು ಸದಸ್ಯರ ಉಪಯೋಗಕ್ಕಾಗಿ ಇಲ್ಲಿ ಒಂದೆಡೆ ಬರೆದಿದ್ದೇನೆ. ಕಂಬಂ ಕಣಿವೆಯ ಒಕ್ಕಲಿಗರ ಮನೆಗಳಲ್ಲಿ, ದಿಂಡಿಗಲ್ ಕಡೆಯ ಅನುಪ್ಪರ ಮನೆಗಳಲ್ಲಿ ಆಡುವ ಮಾತು ಕನ್ನಡ. ಶಾಲೆಯಲ್ಲಿ ಕಲಿಯುವ ಅಕ್ಷರ ತಮಿಳು. ಸಿನಿಮಾದ ಮಾತು ನಮ್ಮ ಮಕ್ಕಳ ಕಿವಿಗೆ ಹೇಗೋ ದಕ್ಕುತ್ತದೆ. ಕನ್ನಡ ಅಕ್ಷರ ದೊಡ್ಡದಾಗಿ, ನಿಧಾನವಾಗಿ ಕಣ್ಣಿಗೆ ಬೀಳುವುದು ಟೈಟಲ್‌ನಲ್ಲಿ.

ಬರುವ ಕ್ರಮ

ಮೊದಲಿಗೆ ಸೆನ್ಸಾರ್ ಪ್ರಮಾಣಪತ್ರ. ಚಿತ್ರದ ಭಾಷೆ, ಉದ್ದ, ಯಾರು ನೋಡಬಹುದು ಎಂಬುದೆಲ್ಲ ಅದರಲ್ಲಿರುತ್ತದೆ. ನಂತರ ದೇವರ ಪಟ, ಸಂಸ್ಥೆಯ ಲಾಂಛನ, ಕೃತಜ್ಞತೆಗಳು. ಆಮೇಲೆ ನಾಯಕ ನಟರು, ಚಿತ್ರದ ಹೆಸರು, ಉಳಿದ ಪಾತ್ರವರ್ಗ, ತಂತ್ರಜ್ಞರು, ನಿರ್ಮಾಪಕರು. ಕಟ್ಟಕಡೆಗೆ ನಿರ್ದೇಶಕರು. ಅಲ್ಲಲ್ಲಿ ಹಿಂದುಮುಂದಾದರೂ ನಿರ್ದೇಶಕರ ಹೆಸರು ಕೊನೆಗೆ ಬರುವ ರೂಢಿ ಮಾತ್ರ ಹೆಚ್ಚು ಬದಲಾಗಿಲ್ಲ.

ಕಂಪ್ಯೂಟರ್ ಬರುವ ಮುಂಚೆ ಇದೆಲ್ಲ ಕೈಬರಹ. ಕಲಾವಿದರು ಹಲಗೆ ಅಥವಾ ಗಾಜಿನ ಮೇಲೆ ಬಣ್ಣದಲ್ಲಿ ಬರೆದುಕೊಡುತ್ತಿದ್ದರು. ಒಂದೊಂದನ್ನೇ ಕ್ಯಾಮೆರಾ ಮುಂದಿಟ್ಟು ತೆಗೆಯುತ್ತಿದ್ದರು. ಹಿಂದೆ ಬೆಟ್ಟವೋ ಹೊಳೆಯೋ ಕಾಣಬೇಕಾದರೆ ಅಕ್ಷರದ ಫಿಲ್ಮನ್ನೂ ದೃಶ್ಯದ ಫಿಲ್ಮನ್ನೂ ಸೇರಿಸಿ ಮತ್ತೆ ಮುದ್ರಿಸಬೇಕಿತ್ತು. ಆ ಕಾಲದ ಕನ್ನಡ ಚಿತ್ರಗಳಲ್ಲಿ ಹೆಚ್ಚಿನವು ಮದರಾಸಿನ ಸ್ಟುಡಿಯೋಗಳಲ್ಲೇ ತಯಾರಾಗುತ್ತಿದ್ದವು.

ನೆನಪಿಡಬೇಕಾದ ಕೆಲವು

ಬೇಡರ ಕಣ್ಣಪ್ಪ (1954): ಎಚ್.ಎಲ್.ಎನ್. ಸಿಂಹ ನಿರ್ದೇಶಿಸಿದ ಚಿತ್ರ. ಗಾಜನೂರಿನ ಮುತ್ತುರಾಜ್ ನಾಯಕರಾಗಿ ‘ರಾಜ್‌ಕುಮಾರ್’ ಎಂಬ ಹೆಸರು ಪಡೆದದ್ದು ಇದರಲ್ಲಿ. ಗಾಜನೂರು ಇರುವ ತಾಳವಾಡಿ ಸೀಮೆ ಇಂದು ತಮಿಳುನಾಡಿನ ಈರೋಡ್ ಜಿಲ್ಲೆಯಲ್ಲಿದೆ. ಗಡಿಯ ಈಚೆಯ ನಮಗೆ ಅದು ಹೆಮ್ಮೆಯ ವಿಷಯ.

ಪಲ್ಲವಿ ಅನುಪಲ್ಲವಿ (1983): ಮಣಿರತ್ನಂ ಅವರ ಹೆಸರು ನಿರ್ದೇಶಕರೆಂದು ಮೊದಲು ಬಂದದ್ದು ಈ ಕನ್ನಡ ಚಿತ್ರದಲ್ಲಿ. ಸಂಗೀತ ನಮ್ಮ ಪಣ್ಣೈಪುರದ ಇಳಯರಾಜ ಅವರದು. ಛಾಯಾಗ್ರಹಣ ಬಾಲು ಮಹೇಂದ್ರ. ಅವರು ಮೊದಲು ನಿರ್ದೇಶಿಸಿದ ಕೋಕಿಲ (1977) ಕೂಡ ಕನ್ನಡವೇ.

ಮಾಲ್ಗುಡಿ ಡೇಸ್: ಇದು ಸಿನಿಮಾ ಅಲ್ಲ, ದೂರದರ್ಶನದ ಧಾರಾವಾಹಿ, ಭಾಷೆಯೂ ಹಿಂದಿ. ಆದರೂ ಬಿಡುವಂತಿಲ್ಲ. ನಿರ್ದೇಶನ ಶಂಕರ್‌ನಾಗ್, ಚಿತ್ರೀಕರಣ ಆಗುಂಬೆ. ಟೈಟಲ್‌ಗೆ ಆರ್.ಕೆ. ಲಕ್ಷ್ಮಣರ ರೇಖಾಚಿತ್ರಗಳು, ಎಲ್. ವೈದ್ಯನಾಥನ್ ಅವರ ರಾಗ. ಆ ರಾಗ ಕೇಳಿಸಿದರೆ ನಮ್ಮ ವಯಸ್ಸಿನವರು ಇಂದಿಗೂ ತಲೆಯೆತ್ತಿ ನೋಡುತ್ತಾರೆ.

ಪುಷ್ಪಕ ವಿಮಾನ (1987): ಸಿಂಗೀತಂ ಶ್ರೀನಿವಾಸರಾವ್ ನಿರ್ದೇಶನ, ಶೃಂಗಾರ್ ನಾಗರಾಜ್ ನಿರ್ಮಾಣ, ಸಂಗೀತ ಅದೇ ವೈದ್ಯನಾಥನ್. ಇಡೀ ಚಿತ್ರದಲ್ಲಿ ಮಾತೇ ಇಲ್ಲ. ನಮ್ಮ ಕಡೆ ಅದನ್ನು ‘ಪೇಸುಂ ಪಡಂ’ ಎಂದು ನೋಡಿದೆವು. ಹಿಂದಿಯವರಿಗೆ ಅದು ‘ಪುಷ್ಪಕ್’. ಚಿತ್ರ ಒಂದೇ, ಹೆಸರು ಮಾತ್ರ ಬೇರೆ ಬೇರೆ.

ಸೂಪರ್ (2010): ಉಪೇಂದ್ರ ಅವರು ಹೆಸರನ್ನು ಬರೆಯಲೇ ಇಲ್ಲ, ಬೆರಳು ಮಡಿಸಿದ ಕೈಯ ಚಿಹ್ನೆಯನ್ನಷ್ಟೇ ಕೊಟ್ಟರು. ಜನ ಅದನ್ನೇ ‘ಸೂಪರ್’ ಎಂದು ಓದಿಕೊಂಡರು.

ಇನ್ನೊಂದು ಊರಿನ ಮಾತು. ಅಲ್ಲಿನಗರದ ಭಾರತಿರಾಜಾ ಕೆಲಸ ಕಲಿತವರಲ್ಲಿ ನಮ್ಮ ಪುಟ್ಟಣ್ಣ ಕಣಗಾಲರೂ ಒಬ್ಬರು. ಅವರ ಹಲವು ಚಿತ್ರಗಳ ಆರಂಭದಲ್ಲಿ ಅವರದೇ ದನಿ ತಮಿಳು ಜನರನ್ನು ಪ್ರೀತಿಯಿಂದ ಕರೆದು ಮಾತಾಡಿಸುತ್ತದೆ.

ಟೈಟಲ್‌ನಲ್ಲಿ ಬರುವ ಪದಗಳು

ತಮಿಳಿನಲ್ಲಿ ಓದಿ ಅಭ್ಯಾಸವಿರುವವರಿಗೆ ಅನುಕೂಲವಾಗಲೆಂದು ಅಲ್ಲಿನ ಪದವನ್ನೂ ಕೊಟ್ಟಿದೆ.

ಚಿತ್ರಕಥೆ: ತಮಿಳಿನ ತಿರೈಕ್ಕದೈ.
ಸಂಭಾಷಣೆ: ವಸನಂ.
ಸಾಹಿತ್ಯ: ಟೈಟಲ್‌ನಲ್ಲಿ ಇದರ ಅರ್ಥ ಹಾಡು ಬರೆದವರು ಎಂದು. ತಮಿಳಿನಲ್ಲಿ ಪಾಡಲ್‌ಗಳ್.
ಹಿನ್ನೆಲೆ ಗಾಯನ: ಪಿನ್ನಣಿ ಪಾಡುವವರು.
ಛಾಯಾಗ್ರಹಣ: ಒಳಿಪ್ಪದಿವು, ಅಂದರೆ ಕ್ಯಾಮೆರಾ ಕೆಲಸ.
ಸಂಕಲನ: ಪಡತ್ತೊಗುಪ್ಪು. ಶಾಲೆಯ ಲೆಕ್ಕದಲ್ಲಿ ಇದೇ ಪದಕ್ಕೆ ಕೂಡಿಸುವುದು ಎಂದರ್ಥ. ಇಲ್ಲಿ ಕತ್ತರಿಸಿ ಜೋಡಿಸುವುದು.
ಪ್ರಸಾಧನ: ಒಪ್ಪನೈ, ಮೇಕಪ್.
ನಿರ್ಮಾಪಕ: ತಯಾರಿಪ್ಪಾಳರ್.
ನಿರ್ದೇಶನ: ಇಯಕ್ಕಂ.

ಮಕ್ಕಳು ತಡವರಿಸುವುದು ಎರಡು ಕಡೆ. ತಮಿಳಿನಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರ. ಕನ್ನಡದಲ್ಲಿ ಕ, ಖ, ಗ, ಘ ಬೇರೆ ಬೇರೆ. ಇನ್ನೊಂದು, ಅಕ್ಷರದ ಕೆಳಗೆ ಬರುವ ಒತ್ತು. ‘ಛಾಯಾಗ್ರಹಣ’ ಎಂಬ ಒಂದೇ ಪದದಲ್ಲಿ ಮಹಾಪ್ರಾಣವೂ ಇದೆ, ಒತ್ತಕ್ಷರವೂ ಇದೆ. ಅದನ್ನು ಓದಲು ಬಂದರೆ ಉಳಿದವು ಕಷ್ಟವಲ್ಲ.

ಈಗಿನ ಸ್ಥಿತಿ

ಈಚಿನ ಎಷ್ಟೋ ಕನ್ನಡ ಚಿತ್ರಗಳಲ್ಲಿ ಹೆಸರುಗಳು ಇಂಗ್ಲಿಷಿನಲ್ಲೇ ಬರುತ್ತವೆ. ಮೊಬೈಲಿನಲ್ಲಿ ನೋಡುವವರು ಬೆರಳಾಡಿಸಿ ಆರಂಭವನ್ನು ದಾಟಿಸಿಬಿಡುತ್ತಾರೆ. ಬೆಂಗಳೂರಿನಲ್ಲಿರುವವರಿಗೆ ಇದರಿಂದ ದೊಡ್ಡ ನಷ್ಟವಿಲ್ಲ. ಅಲ್ಲಿ ಬಸ್ಸಿನ ಬೋರ್ಡು, ಅಂಗಡಿಯ ಬೋರ್ಡು ಎಲ್ಲದರಲ್ಲೂ ಕನ್ನಡ ಸಿಗುತ್ತದೆ. ಬೋಡಿಯಲ್ಲೋ ಚಿನ್ನಮನೂರಿನಲ್ಲೋ ಬೆಳೆಯುವ ಮಗುವಿಗೆ ಅದು ಎಲ್ಲಿ ಸಿಗಬೇಕು? ಅಜ್ಜಿಯ ಮಾತು ಮೊಮ್ಮಗಳಿಗೆ ಬಂದಿದೆ. ಅದನ್ನು ಬರೆಯುವ ಅಕ್ಷರವೂ ಆ ಮಗುವಿಗೆ ಬರಲಿ ಎಂಬುದೇ ನಮ್ಮ ಆಸೆ.

ಆದ್ದರಿಂದ ಸದಸ್ಯರಲ್ಲಿ ವಿನಂತಿ. ಮುಂದಿನ ಪ್ರದರ್ಶನಕ್ಕೆ ಹತ್ತು ನಿಮಿಷ ಮುಂಚೆ ಬನ್ನಿ. ಕಾಫಿ ಟೈಟಲ್ ಆದಮೇಲೆ ಕೊಡೋಣ. ಕನ್ನಡದಲ್ಲೇ ಟೈಟಲ್ ಇರುವ ಹಳೆಯ ಚಿತ್ರವನ್ನೇ ಆರಿಸೋಣ. ಮಕ್ಕಳು ಮುಂದಿನ ಸಾಲಿನಲ್ಲಿ ಕೂತು ಗಟ್ಟಿಯಾಗಿ ಓದಲಿ. ತಪ್ಪಿದರೆ ಯಾರೂ ನಗಬಾರದು, ಪಕ್ಕದಲ್ಲಿರುವ ಹಿರಿಯರು ಹೇಳಿಕೊಡಬೇಕು. ಕನ್ನಡ ಓದಲು ಬಾರದ ಹಿರಿಯರೂ ಜೊತೆಗೆ ಓದಬಹುದು, ಸಂಕೋಚ ಬೇಡ. ಈ ಪುಟವನ್ನು ಓದಬಲ್ಲವರು ಮನೆಯಲ್ಲಿ ಉಳಿದವರಿಗೆ ಓದಿ ಹೇಳಬೇಕಾಗಿ ಕೋರುತ್ತೇನೆ.

ಇಂತಿ,
ಕಾರ್ಯದರ್ಶಿ