ಈದ್ಗಾ ಮೈದಾನದಿಂದ ಮಿನಾರಿನವರೆಗೆ

ಹುಬ್ಬಳ್ಳಿಯ ಕಿತ್ತೂರು ಚೆನ್ನಮ್ಮ ವೃತ್ತದ ಬಳಿ ಒಂದು ಬಯಲು. 1921ರಲ್ಲಿ ಅಂದಿನ ಪುರಸಭೆ ಇದನ್ನು ಅಂಜುಮನ್-ಎ-ಇಸ್ಲಾಂ ಸಂಸ್ಥೆಗೆ ವರ್ಷಕ್ಕೆ ಒಂದು ರೂಪಾಯಿ ಬಾಡಿಗೆಯಂತೆ 999 ವರ್ಷಗಳಿಗೆ ಕೊಟ್ಟಿತ್ತು. ರಂಜಾನ್ ಮತ್ತು ಬಕ್ರೀದ್ ದಿನ ಅಲ್ಲಿ ಸಾಮೂಹಿಕ ನಮಾಜು ನಡೆಯುತ್ತಿತ್ತು. ಏಳು ದಶಕಗಳ ಬಳಿಕ ಇದೇ ಬಯಲು ರಾಜ್ಯದ ರಾಜಕೀಯವನ್ನು ಅಲುಗಿಸಿತು.

ಅಂಜುಮನ್ ಅಲ್ಲಿ ಕಟ್ಟಡ ಕಟ್ಟಲು ಹೊರಟಿದ್ದನ್ನು ಪ್ರಶ್ನಿಸಿ ಕೆಲ ನಾಗರಿಕರು ನ್ಯಾಯಾಲಯಕ್ಕೆ ಹೋಗಿದ್ದರು. ಅಲ್ಲಿಯವರೆಗೆ ಅದೊಂದು ಜಾಗದ ವ್ಯಾಜ್ಯ. 1992ರ ಜನವರಿ 26ರಂದು ಬಿಜೆಪಿ ಅಧ್ಯಕ್ಷ ಮುರಳಿ ಮನೋಹರ ಜೋಶಿ ಶ್ರೀನಗರದ ಲಾಲ್ ಚೌಕದಲ್ಲಿ ತ್ರಿವರ್ಣ ಧ್ವಜ ಹಾರಿಸಿದರು. ಆ ಕಾಲಕ್ಕೇ ಈದ್ಗಾದಲ್ಲೂ ಧ್ವಜ ಏರಬೇಕೆಂಬ ಕೂಗು ಎದ್ದಿತು. ಸಾರ್ವಜನಿಕ ಸ್ಥಳದಲ್ಲಿ ರಾಷ್ಟ್ರಧ್ವಜಕ್ಕೆ ಯಾರ ಅಪ್ಪಣೆ ಏಕೆ ಎಂಬುದು ಚಳವಳಿಗಾರರ ಪ್ರಶ್ನೆ. ಜಾಗ ತನ್ನ ವಶದಲ್ಲಿದೆ ಎಂಬುದು ಅಂಜುಮನ್ ವಾದ. ವ್ಯಾಜ್ಯ ಹೀಗೆ ದೇಶಭಕ್ತಿಯ ಪರೀಕ್ಷೆಯಾಗಿ ಮಾರ್ಪಟ್ಟಿತು.

1994ರ ಆಗಸ್ಟ್ 15ರಂದು ಹುಬ್ಬಳ್ಳಿಯಲ್ಲಿ ಗೋಲಿಬಾರ್ ನಡೆದು ಹಲವರು ಪ್ರಾಣ ಕಳೆದುಕೊಂಡರು. ಆ ಗಲಭೆಯ ಮೊಕದ್ದಮೆಯಿಂದಾಗಿಯೇ ಉಮಾ ಭಾರತಿ 2004ರಲ್ಲಿ ಮಧ್ಯಪ್ರದೇಶದ ಮುಖ್ಯಮಂತ್ರಿ ಪದವಿ ಬಿಡಬೇಕಾಯಿತು. 1989ರಲ್ಲಿ ರಾಜ್ಯ ವಿಧಾನಸಭೆಯ 4 ಸ್ಥಾನ ಗೆದ್ದಿದ್ದ ಬಿಜೆಪಿ 1994ರ ಕೊನೆಯಲ್ಲಿ 40ಕ್ಕೆ ಏರಿತು. ಏರಿಕೆಗೆ ಬೇರೆ ಕಾರಣಗಳೂ ಇದ್ದವು. ಆದರೆ ಈದ್ಗಾದ ಪಾಲನ್ನು ಅಲ್ಲಗಳೆಯಲಾಗದು.

ಬಿಕ್ಕಟ್ಟು ಸಡಿಲವಾದದ್ದು 1995ರಲ್ಲಿ, ಎಚ್.ಡಿ. ದೇವೇಗೌಡರು ಮುಖ್ಯಮಂತ್ರಿಯಾಗಿದ್ದಾಗ. ಅಂಜುಮನ್ ತಾನೇ ಮೈದಾನದಲ್ಲಿ ಧ್ವಜ ಹಾರಿಸಿತು. ಧ್ವಜದ ಹೆಸರಿನ ಜಗಳಕ್ಕೆ ಆಧಾರವೇ ಉಳಿಯಲಿಲ್ಲ. ಜಾಗ ನಗರಪಾಲಿಕೆಯದೆಂದು ಸುಪ್ರೀಂ ಕೋರ್ಟ್ ಅಂತಿಮವಾಗಿ ಹೇಳಿದ್ದು 2010ರಲ್ಲಿ. ಎರಡು ಹಬ್ಬಗಳ ನಮಾಜು ಮುಂದುವರಿಯಿತು. 2022ರಲ್ಲಿ ಅದೇ ಬಯಲಿನಲ್ಲಿ ಗಣೇಶೋತ್ಸವಕ್ಕೂ ಅನುಮತಿ ದೊರೆಯಿತು.

ಇಂಥ ಚಳವಳಿ ನಮ್ಮಲ್ಲಿ ಮಾತ್ರವೇ? ಯುರೋಪಿನತ್ತ ನೋಡಿದರೆ ಅಲ್ಲ ಎನ್ನಬೇಕಾಗುತ್ತದೆ. ಸ್ವಿಟ್ಜರ್ಲೆಂಡಿನಲ್ಲಿ 2009ರ ನವೆಂಬರ್‌ನಲ್ಲಿ ಜನಮತಗಣನೆ ನಡೆದು, ಹೊಸ ಮಿನಾರು ಕಟ್ಟಬಾರದೆಂದು ಶೇ. 57.5ರಷ್ಟು ಮತದಾರರು ತೀರ್ಪಿತ್ತರು. ಆಗ ಇಡೀ ದೇಶದಲ್ಲಿ ಇದ್ದ ಮಿನಾರುಗಳು ನಾಲ್ಕೇ ನಾಲ್ಕು! ಜರ್ಮನಿಯ ಡ್ರೆಸ್ಡೆನ್ ನಗರದಲ್ಲಿ 2014ರ ಅಕ್ಟೋಬರ್‌ನಲ್ಲಿ ಹುಟ್ಟಿದ ‘ಪೆಗಿಡಾ’ ಪಶ್ಚಿಮ ದೇಶಗಳು ಇಸ್ಲಾಮೀಕರಣಗೊಳ್ಳುತ್ತಿವೆ ಎಂದು ಪ್ರತಿ ಸೋಮವಾರ ಮೆರವಣಿಗೆ ತೆಗೆಯಿತು. 2015ರ ಜನವರಿಯಲ್ಲಿ ಸುಮಾರು 25 ಸಾವಿರ ಜನ ಸೇರಿದ್ದರು. ಡ್ರೆಸ್ಡೆನ್ ಇರುವ ಸ್ಯಾಕ್ಸನಿ ರಾಜ್ಯದಲ್ಲಿ ಅಂದು ಮುಸ್ಲಿಮರ ಪ್ರಮಾಣ ಶೇ. 1ಕ್ಕಿಂತ ಕಡಿಮೆ.

ಎರಡೂ ಕಡೆಯ ಇತಿಹಾಸ ಬೇರೆ. ಜರ್ಮನಿಗೆ ತುರ್ಕಿಯ ಕಾರ್ಮಿಕರು ದೊಡ್ಡ ಸಂಖ್ಯೆಯಲ್ಲಿ ಬಂದದ್ದು 1961ರ ಒಪ್ಪಂದದ ನಂತರ. ಕರ್ನಾಟಕದ ಮುಸ್ಲಿಮರು ಶತಮಾನಗಳಿಂದ ಇಲ್ಲಿಯವರೇ. ಆದರೂ ಒಂದು ಹೋಲಿಕೆ ಎದ್ದು ಕಾಣುತ್ತದೆ. ಚಳವಳಿ ಕಟ್ಟಲು ನೆರೆಯವರ ಸಂಖ್ಯೆ ಮುಖ್ಯವಲ್ಲ. ಕಣ್ಣಿಗೆ ಕಾಣುವ ಒಂದು ಗುರುತು ಸಾಕು. ಅಲ್ಲಿ ಮಿನಾರು, ಇಲ್ಲಿ ಮೈದಾನ.

ಮುಧೋಳ, ಸೇಡಂ, ಚಿಂಚೋಳಿ ಸೀಮೆಗೂ ಕಹಿ ನೆನಪುಗಳಿವೆ. ನಿಜಾಮರ ಆಳ್ವಿಕೆಯ ಕೊನೆಗೆ ರಜಾಕಾರರ ಹಾವಳಿ, 1948ರ ಪೊಲೀಸ್ ಕಾರ್ಯಾಚರಣೆಯ ಬೆನ್ನಿಗೇ ಮುಸ್ಲಿಮರ ಮೇಲೆ ನಡೆದ ಹಿಂಸೆ, ಎರಡನ್ನೂ ಈ ಭಾಗ ಉಂಡಿದೆ. ಹಾಗಿದ್ದೂ ಮೊಹರಂ ಬಂತೆಂದರೆ ಕಲಬುರಗಿ ಭಾಗದ ಹಳ್ಳಿಗಳಲ್ಲಿ ಅಲಾಯಿ ದೇವರು ಕೂಡುತ್ತವೆ, ಹೆಜ್ಜೆ ಕುಣಿತ ನಡೆಯುತ್ತದೆ, ಕರ್ಬಲಾದ ಕಥೆ ಕನ್ನಡದ ಪದವಾಗುತ್ತದೆ. ಒಂದೂ ಮುಸ್ಲಿಂ ಮನೆ ಇಲ್ಲದ ಊರುಗಳಲ್ಲೂ ಈ ಹಬ್ಬ ತಪ್ಪುವುದಿಲ್ಲ. ಮುಸ್ಲಿಮರು ವಿರಳವಾಗಿದ್ದ ಡ್ರೆಸ್ಡೆನ್‌ನಲ್ಲಿ ಜನ ಅಂಜಿ ಬೀದಿಗಿಳಿದರು. ಮುಸ್ಲಿಮರೇ ಇಲ್ಲದ ಇಲ್ಲಿನ ಹಳ್ಳಿಗಳಲ್ಲಿ ಜನ ಅಲಾಯಿ ಕುಣಿಯ ಸುತ್ತ ಕುಣಿಯುತ್ತಾರೆ.