ನೀರಿನ ಎರಡು ಮೊಕದ್ದಮೆಗಳು

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಹರಳಯ್ಯನವರ ಮಗನಿಗೂ ಮಧುವರಸರ ಮಗಳಿಗೂ ನಡೆದ ವಿವಾಹವನ್ನು ಅರಸೊತ್ತಿಗೆಯು ಅಪರಾಧವೆಂದೆಣಿಸಿ, ತಂದೆಯರಿಬ್ಬರಿಗೂ ಎಳೆಹೂಟೆಯ ಶಿಕ್ಷೆ ವಿಧಿಸಿತೆಂದು ಶರಣ ಪರಂಪರೆ ಹೇಳುತ್ತದೆ. ಕುಲದ ಗೆರೆಯನ್ನು ದಾಟಿದವನೇ ಅಂದು ಅಪರಾಧಿ; ಗೆರೆ ಎಳೆದವನಲ್ಲ. ಈ ನ್ಯಾಯ ತಿರುಗುಮುರುಗಾಗಲು ಎಂಟು ಶತಮಾನಗಳು ಬೇಕಾದವು. ಅದು ತಿರುಗಿದ ಬಗೆಯನ್ನು ನೀರಿನ ಎರಡು ಮೊಕದ್ದಮೆಗಳಲ್ಲಿ ಕಾಣಬಹುದು.

ಸಾರ್ವಜನಿಕ ಹಣದಿಂದ ನಿರ್ಮಿಸಿದ ಕೆರೆ, ಬಾವಿ, ಶಾಲೆಗಳು ಅಸ್ಪೃಶ್ಯರಿಗೂ ತೆರೆದಿರಬೇಕೆಂಬ ಎಸ್.ಕೆ. ಬೋಲೆಯವರ ಗೊತ್ತುವಳಿಯನ್ನು ಮುಂಬಯಿ ಶಾಸನ ಪರಿಷತ್ತು 1923ರಲ್ಲಿ ಅಂಗೀಕರಿಸಿತು. ಅಂದು ಬೆಳಗಾವಿ, ಧಾರವಾಡ, ವಿಜಯಪುರಗಳೂ ಆ ಪ್ರಾಂತ್ಯದಲ್ಲೇ ಇದ್ದವು. ಮಹಾಡದ ಪುರಸಭೆ 1924ರಲ್ಲಿ ಚವದಾರ್ ಕೆರೆಯನ್ನು ಎಲ್ಲರಿಗೂ ತೆರೆಯಿತು, ಕಾಗದದ ಮೇಲೆ. 1927ರ ಮಾರ್ಚ್ 20ರಂದು ಡಾ. ಅಂಬೇಡ್ಕರರು ಸಾವಿರಾರು ಜನರೊಡನೆ ನಡೆದುಹೋಗಿ ಆ ನೀರನ್ನು ಬೊಗಸೆಯಲ್ಲಿ ಕುಡಿದರು. ಸವರ್ಣೀಯರು ಅವರ ಅನುಯಾಯಿಗಳ ಮೇಲೆ ಕೈಮಾಡಿದ್ದಲ್ಲದೆ, ಗೋಮಯ ಗೋಮೂತ್ರಗಳಿಂದ ಕೆರೆಯನ್ನು ‘ಶುದ್ಧಿ’ ಮಾಡಿದರು; ಬಳಿಕ ನ್ಯಾಯಾಲಯಕ್ಕೂ ಹೋದರು. ಅಸ್ಪೃಶ್ಯರನ್ನು ದೂರವಿಡುವುದು ಅನಾದಿ ರೂಢಿ ಎಂಬುದು ಅವರ ವಾದ. 1937ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವು ಆ ರೂಢಿ ಸಾಬೀತಾಗಿಲ್ಲವೆಂದು ತೀರ್ಪಿತ್ತಿತು. ಜಯ ದೊರೆಯಿತು ನಿಜ. ಆದರೆ ನ್ಯಾಯಪೀಠ ಪರಿಶೀಲಿಸಿದ್ದು ರೂಢಿಯ ವಯಸ್ಸನ್ನು, ಬಾಯಾರಿದವನ ಹಕ್ಕನ್ನಲ್ಲ. ರೂಢಿ ಸಾಕಷ್ಟು ಹಳೆಯದೆಂದು ಸಾಬೀತಾಗಿದ್ದರೆ ಏನಾಗುತ್ತಿತ್ತೆಂಬುದನ್ನು ಊಹಿಸಿದರೆ ಮೈ ನಡುಗುತ್ತದೆ.

ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ನಿಷೇಧಿಸಿತು. ಅದರ ಆಚರಣೆಯನ್ನು ದಂಡನಾರ್ಹಗೊಳಿಸಿದ 1955ರ ಕಾಯಿದೆಯು 1976ರ ತಿದ್ದುಪಡಿಯಿಂದ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯಿದೆಯೆಂಬ ಹೆಸರು ಪಡೆಯಿತು. ಅದರ 12ನೆಯ ಪ್ರಕರಣ ಚಿಕ್ಕದಾದರೂ ಮಹತ್ವದ್ದು. ಕಾಯಿದೆಯಡಿ ಅಪರಾಧವಾಗುವ ಕೃತ್ಯವು ಪರಿಶಿಷ್ಟ ಜಾತಿಯವರ ವಿಷಯದಲ್ಲಿ ನಡೆದರೆ, ಬೇರೆ ಕಾರಣ ರುಜುವಾಗದ ಹೊರತು, ಅದು ಅಸ್ಪೃಶ್ಯತೆಯ ಕಾರಣದಿಂದಲೇ ನಡೆಯಿತೆಂದು ನ್ಯಾಯಾಲಯ ಭಾವಿಸಬೇಕು. ಆ ಕಾರಣವನ್ನು ರುಜುಪಡಿಸುವ ಹೊರೆ ನೊಂದವನ ಹೆಗಲಿನಿಂದ ಇಳಿಯಿತು.

1978ರಲ್ಲಿ ಕರ್ನಾಟಕದ ಹಳ್ಳಿಯೊಂದರಲ್ಲಿ ಹೊಸದಾಗಿ ತೋಡಿದ ಕೊಳವೆಬಾವಿಗೆ ಬಂದ ದಲಿತರನ್ನು, ಅಸ್ಪೃಶ್ಯರೆಂದು ಬಂದೂಕು ತೋರಿಸಿ ತಡೆಯಲಾಯಿತು. ಇಲ್ಲಿ ಅನಾದಿ ರೂಢಿಯ ನೆಪಕ್ಕೂ ಎಡೆಯಿರಲಿಲ್ಲ, ಬಾವಿಯೇ ಹೊಸದು. ಹೊಸ ನೀರಿಗೂ ಹಳೆಯ ಮೈಲಿಗೆ ಅಂಟಿತ್ತು. ವಿಚಾರಣಾ ನ್ಯಾಯಾಲಯವು ಆರೋಪಿಗಳಿಗೆ ಒಂದು ತಿಂಗಳ ಸಾದಾ ಸೆರೆವಾಸ ಹಾಗೂ ತಲಾ 100 ರೂಪಾಯಿ ದಂಡ ವಿಧಿಸಿತು. ಉಚ್ಚ ನ್ಯಾಯಾಲಯ ಸಾಕ್ಷ್ಯವನ್ನು ನಂಬದೆ ಅವರನ್ನು ಬಿಟ್ಟಿತು. ರಾಜ್ಯ ಸರ್ಕಾರದ ಮೇಲ್ಮನವಿಯ ಮೇಲೆ ಸರ್ವೋಚ್ಚ ನ್ಯಾಯಾಲಯವು 1992ರ ಡಿಸೆಂಬರ್‌ನಲ್ಲಿ ಆ ಬಿಡುಗಡೆಯನ್ನು ರದ್ದುಗೊಳಿಸಿತು. ಇಂಥ ಅಪರಾಧದಲ್ಲಿ ದುರುದ್ದೇಶವನ್ನು ಪ್ರತ್ಯೇಕವಾಗಿ ಸಾಬೀತುಪಡಿಸಬೇಕಿಲ್ಲವೆಂದು ನ್ಯಾಯಮೂರ್ತಿ ಕೆ. ರಾಮಸ್ವಾಮಿಯವರು ತಮ್ಮ ತೀರ್ಪಿನಲ್ಲಿ ವಿವರಿಸಿದರು. ಮಹಾಡದಲ್ಲಿ ರೂಢಿಯನ್ನು ತೂಗಿದ್ದ ತಕ್ಕಡಿ ಇಲ್ಲಿ ತಡೆದವನ ಕೃತ್ಯವನ್ನು ತೂಗಿತು. ಒಂದು ತಿಂಗಳ ಆ ಶಿಕ್ಷೆ ಸ್ಥಿರಗೊಳ್ಳುವ ಹೊತ್ತಿಗೆ, ಕೊಡ ಹಿಡಿದು ಬಾವಿಗೆ ಹೋದವರು 14 ವರ್ಷ ಕಾದಿದ್ದರು.